ಉಳಿದ ನೀಲಿ

ರೇಡಿಯೋ ಇದ್ದದ್ದು ಊರಿಗೆ ಒಂದೇ,
ಎಣ್ಣೆಗಾಣದ ಅರೆಸ್ಕಿಯ ಅಂಗಡಿಯಲ್ಲಿ.
ಸೋಮವಾರ ನಡುಹಗಲು ಹನ್ನೆರಡಕ್ಕೆ
ಯುದ್ಧ ನಿಲ್ಲುತ್ತದೆ ಎಂದಿತು ಅದು,
ಬಸ್ಸು ನಿಲ್ಲುತ್ತದೆ ಎನ್ನುವ ಹಾಗೆ.
ನಾವು ಹೆಂಗಸರು ಹೊರಗೆ ನಿಂತು
ನೆರಳು ಗಿಡ್ಡವಾಗುವುದನ್ನೇ ಕಾದೆವು.
ಆಯಿತು. ನಿಂತಿತೋ ಇಲ್ಲವೋ, ಯಾರಿಗೆ ಗೊತ್ತು?
ಎದುರು ಗುಡ್ಡದಲ್ಲಿ ಒಂದು ಕತ್ತೆ ಅರಚಿತು.
ಏಳೂವರೆ ವರ್ಷದಲ್ಲಿ ಮೊದಲ ಸಲ
ಅದರ ದನಿಗೆ ಕಣಿವೆ ಓಗೊಟ್ಟದ್ದು ಕೇಳಿದೆ.

ಎವಿಯಾಂ ಅಂತೆ. ಸರೋವರದ ದಂಡೆಯ ಊರಂತೆ.
ಮೇಜಿನ ಆಚೆ ಅವರು, ಈಚೆ ನಮ್ಮವರು,
ತೊಂಬತ್ತು ಚಿಲ್ಲರೆ ಹಾಳೆಗೆ ರುಜು.
ಈಗ ಮೊಮ್ಮಗಳು ತರುವ ನೀರಿನ ಬಾಟಲಿಯ ಮೇಲೆ
ಅದೇ ಹೆಸರು. ಕುಡಿದು ನೋಡಿದೆ.
ಯಾವ ರುಚಿಯೂ ಇಲ್ಲ.

ನನ್ನ ಅಕ್ಲಿಯ ಹೆಸರು ಆ ಹಾಳೆಗಳಲ್ಲಿ ಇತ್ತೇ?
ಓದು ಬಲ್ಲವನು ಅರೆಸ್ಕಿಯ ಮಗ, ಅವನನ್ನು ಕೇಳಿದೆ.
'ಹೆಸರು ಇರುವುದಿಲ್ಲ, ದಹ್ಬಿಯಾ ಅತ್ತೆ,
ಕಲಮು, ಉಪಕಲಮು ಇರುತ್ತವೆ' ಎಂದ.
ಇರಬಹುದು. ನಾನು ಹೊಲಿಗೆಯವಳು,
ಅಕ್ಲಿ ಹೋದ ಚಳಿಗಾಲದಿಂದ ಯಂತ್ರ ತುಳಿದವಳು,
ನನಗೆ ತಿಳಿದದ್ದು ಇಷ್ಟು:
ಎರಡು ಅಂಚು ಸೇರಿಸುವುದು ದೊಡ್ಡದಲ್ಲ,
ಒಳಗೆ ಎಷ್ಟನ್ನು ಮಡಚಿ ಮುಚ್ಚಿದೆವು ಎಂಬುದೇ ಹೊಲಿಗೆ.

ಜುಲೈ ಬಂತು. ಊರಿಗೊಂದು ಬಾವುಟ ಬೇಕು.
ಹಸಿರಿಗೆ ಅತ್ತೆ ಕೊಟ್ಟ ಹೊದಿಕೆ ಇತ್ತು.
ಬಿಳಿ ಎಲ್ಲಿ, ಕೆಂಪು ಎಲ್ಲಿ? ಅಂಗಡಿಗಳು ಖಾಲಿ.
ಹುಡುಗರು ಶಾಲೆಯ ಕಂಬದಿಂದ ಇಳಿಸಿದ್ದನ್ನು ತಂದು
ಮೇಜಿಗೆ ಎಸೆದರು: 'ಇದನ್ನೇ ಕತ್ತರಿಸು.'

ಕತ್ತರಿ ಹಾಕುವ ಮುಂಚೆ ಕೈ ತಡೆಯಿತು.
ಹೆದರಿಕೆಯಲ್ಲ. ಬಟ್ಟೆ ಒಳ್ಳೆಯದಿತ್ತು.
ಅದರ ಬಿಳಿ ನಮ್ಮ ಬಿಳಿಯಾಯಿತು,
ಅದರ ಕೆಂಪು ನಮ್ಮ ಚಂದ್ರ, ನಮ್ಮ ಚುಕ್ಕಿ.
ಚಂದ್ರನ ಬಾಯಿ ಯಾವ ಕಡೆಗೆ?
ಎಡಕ್ಕೆಂದ ಒಬ್ಬ, ಬಲಕ್ಕೆಂದ ಇನ್ನೊಬ್ಬ,
ಗುಡ್ಡದಲ್ಲಿ ಒಂದೇ ರೊಟ್ಟಿ ಹಂಚಿ ತಿಂದವರು
ನನ್ನ ಅಂಗಳದಲ್ಲಿ ಚಂದ್ರನಿಗಾಗಿ ಕೈ ಮಿಲಾಯಿಸಿದರು.
ಆಕಾಶ ನೋಡಿ ಹೊಲಿದೆ ಎಂದು ಹೇಳಿ ಬಾಯಿ ಮುಚ್ಚಿಸಿದೆ.
ಅಂದು ಅಮಾವಾಸ್ಯೆ.

ಉಳಿದದ್ದು ನೀಲಿ.
ಒಂದು ಮೊಳ ಅಗಲ, ಎರಡು ಮೊಳ ಉದ್ದ,
ಹೊಸ ನಾಡಿನಲ್ಲಿ ಯಾರಿಗೂ ಬೇಡದ ನೀಲಿ.
ಮಡಚಿ ಪೆಟ್ಟಿಗೆಯ ತಳಕ್ಕಿಟ್ಟೆ.

ಮೂರು ವಾರ ಕಳೆದಿತ್ತು,
ತಸ್ಸಾದಿತ್ ಬಂದಳು, ಪಕ್ಕದ ಮನೆಯವಳು.
ಅವಳ ಗಂಡ ಅವರ ಬಂದೂಕು ಹೊತ್ತವನು,
ಹೊಟ್ಟೆಗೋ, ಹೆದರಿಕೆಗೋ,
ನಮ್ಮವರು ಅವನ ತಮ್ಮನನ್ನು ಕೊಂದದ್ದಕ್ಕೋ,
ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.
ಅವನನ್ನು ಗಾಣದ ಹಿಂದಕ್ಕೆ ಕರೆದೊಯ್ದಿದ್ದರು.
ಹುಡುಗರು ಅವರೇ. ಚಂದ್ರನ ಹುಡುಗರು.

ಬಾಗಿಲಲ್ಲೇ ನಿಂತು ಕೇಳಿದಳು:
'ಬಟ್ಟೆ ಇದೆಯಾ, ಮುಖ ಮುಚ್ಚುವಷ್ಟು?
ಯಾವ ಬಣ್ಣವಾದರೂ ಆದೀತು.'

ಇವಳ ಒಲೆಯ ಕೆಂಡ ತಂದು
ನನ್ನ ಒಲೆ ಎಷ್ಟು ಬೆಳಗು ಹೊತ್ತಿಲ್ಲ!
ನನ್ನ ಮಗಳ ಹೊಕ್ಕುಳಬಳ್ಳಿ ಕತ್ತರಿಸಿದ ಕೈ ಇವಳದು.
'ಇಲ್ಲ' ಎಂದೆ. 'ಎಲ್ಲ ಬಾವುಟಕ್ಕೇ ಆಯಿತು.'
ಅವಳ ಕಣ್ಣು ಪೆಟ್ಟಿಗೆಯ ಕಡೆ ಹೋಗಲಿಲ್ಲ.
ಹೋಗಿದ್ದರೆ ಚೆನ್ನಾಗಿತ್ತು.
ತಲೆಯ ಬಟ್ಟೆಯನ್ನು ಅಲ್ಲೇ, ನನ್ನೆದುರೇ ಬಿಚ್ಚಿ
ಕೈಯಲ್ಲಿ ಹಿಡಿದು
ಬರಿತಲೆಯಲ್ಲಿ ಗಾಣದ ಕಡೆ ನಡೆದಳು.

ನಾನು ಹೊಲಿದ ಬಾವುಟ ಎರಡು ಬೇಸಿಗೆಗೆ ಬಿಳಿಚಿತು.
ಆಮೇಲೆ ಸರ್ಕಾರದ್ದು ಬಂತು,
ಅಚ್ಚಿನ ಬಣ್ಣ, ಚಂದ್ರ ಸರಿಯಾದ ಕಡೆಗೆ.
ನೀಲಿ ಮಾತ್ರ ಬಿಸಿಲು ಕಂಡಿಲ್ಲ,
ತಂದ ದಿನದಂತೆಯೇ ಇದೆ.
ನಾಳೆ ನಾನು ಸತ್ತು, ಪೆಟ್ಟಿಗೆ ತೆಗೆದವರು
ದಹ್ಬಿಯಾ ಒಳಗೊಳಗೇ ಅವರ ಕಡೆಯವಳು ಎಂದಾರು.
ಎನ್ನಲಿ.

ಆಗಾಗ ತೆಗೆದು ಮಂಡಿಯ ಮೇಲೆ ಹರವುತ್ತೇನೆ.
ಕಣ್ಣು ಮಂಜಾದರೂ ಅಳತೆ ನನಗೆ ತಪ್ಪದು:
ಒಂದು ಮುಖಕ್ಕೆ ಸಾಕಾಗಿ
ಇನ್ನೊಂದಕ್ಕೂ ಮಿಗುತ್ತದೆ.