ಬೆನ್ನ ಮೇಲಿನದು

ಮೇ ತಿಂಗಳ ಕೊನೆಗೆ ಜಾರ್ಜಿಯಾದಲ್ಲಿ ನಮ್ಮದೊಂದು ವಾಡಿಕೆ:
ಕೊನೆಯ ಗಂಟೆ ಬಾರಿಸಿದ ಮೇಲೆ
ಹನ್ನೆರಡನೇ ಕ್ಲಾಸಿನವರು ಬಿಳಿ ಅಂಗಿ ತೊಟ್ಟು
ಒಬ್ಬರ ಮೈಮೇಲೊಬ್ಬರು ಬರೆಯುವುದು.
ಅಂಗಿಯೇ ಹಾಳೆ, ಬೆನ್ನೇ ಮೇಜು.
ಪೆನ್ನು ಒತ್ತಿದರೆ ಕಚಗುಳಿ.

ಕಾಲರಿನ ಕೆಳಗೆ ಅನಾನೋ ಬರೆದದ್ದು ಹೂವೋ ಹುಳವೋ ತಿಳಿಯದು.
ಎಡತೋಳಿಗೆ ಬೆಕಾ: ಬಸ್ಸಿನ ದುಡ್ಡು ವಾಪಸ್ಸು ಕೊಡು, ಕಳ್ಳಾ.
ಮೆಗಿಗೆ ಬರೆಯಲು ಏನೂ ಹೊಳೆಯದೆ
ನನ್ನದೇ ಹೆಸರನ್ನು ನನ್ನ ಜೇಬಿನ ಮೇಲೆ ಬರೆದಳು,
ಕಳೆದುಹೋದರೆ ಇರಲಿ ಎಂದಳು.

ಹದಿನಾಲ್ಕು ಜನ ನಾವು.
ಒಂದನೇ ಕ್ಲಾಸಿನಲ್ಲಿ ಇಪ್ಪತ್ತೊಂಬತ್ತು.
ಇಲ್ಲದವರ ಲೆಕ್ಕ ಬಾಯಿಗೇ ಬರುತ್ತದೆ:
ಪೋಲೆಂಡಿಗೆ, ಇಟಲಿಗೆ, ಮುದುಕರ ಆರೈಕೆಗೆ ಹೋದ ತಾಯಂದಿರ ಹಿಂದೆ;
ಕುತಾಯಿಸಿಯ ಸೋದರತ್ತೆಯ ಮನೆಗೆ;
ಒಬ್ಬಳು ಮದುವೆಯಾಗಿ;
ಒಬ್ಬ ಗಣಿಗೆ.

ನಮ್ಮೂರೆಂದರೆ ಎರಡು ಗುಡ್ಡ, ನಡುವೆ ಒಂದು ಕಪ್ಪು ಹೊಳೆ.
ಮ್ಯಾಂಗನೀಸ್ ತೊಳೆದ ನೀರು ಅದು, ಮೀನಿಗೂ ಬೇಡ.
ಗುಡ್ಡದ ಮೇಲಿಂದ ಶಾಲೆಗಿಳಿಯಲು
ತಂತಿಗೆ ತೂಗುವ ತಗಡಿನ ಡಬ್ಬಿ,
ನಮ್ಮಜ್ಜನಷ್ಟು ಹಳೆಯದು, ಅವನ ಹಾಗೇ ಕೆಮ್ಮುತ್ತಿತ್ತು.
ಮೂರನೇ ಕ್ಲಾಸಿನ ಚಳಿಗಾಲ ಕರೆಂಟು ಹೋಗಿ
ಹೊಳೆಯ ನಟ್ಟನಡುವೆ ನಿಂತೆವು, ಏಳು ಮಕ್ಕಳು, ಮುಕ್ಕಾಲು ಗಂಟೆ.
ಗ್ವಂತ್ಸ ಕಣ್ಣು ಮುಚ್ಚಿ ಏಳರ ಮಗ್ಗಿ ಹೇಳಿದಳು,
ನಾವೆಲ್ಲ ದನಿಗೂಡಿಸಿದೆವು.
ಏಳು ಹತ್ತಲೆ ಎಪ್ಪತ್ತು.
ನಮ್ಮ ಮಾತಿನಲ್ಲಿ ಎಪ್ಪತ್ತೆಂದರೆ ಮೂರಿಪ್ಪತ್ತು ಮತ್ತು ಹತ್ತು,
ಹಾಗಾಗಿ ಮಗ್ಗಿ ತುಸು ಉದ್ದ.
ಆವತ್ತು ಅದೇ ಒಳ್ಳೆಯದಾಯಿತು.
ತ್ಸೋತ್ನೆ ಮಾತ್ರ ಕಿಟಕಿಯಿಂದ ಉಗುಳಿ
ನೀರು ಮುಟ್ಟಲು ಎಷ್ಟು ಹೊತ್ತೆಂದು ಎಣಿಸುತ್ತಿದ್ದ.

ಒಂಬತ್ತು ವರ್ಷ ಅವನು ನನ್ನ ಬೆಂಚು.
ನನ್ನ ವ್ಯಾಕರಣ ಅವನು ನಕಲು ಮಾಡಿದ, ತಪ್ಪುಗಳ ಸಮೇತ;
ದಾರಿಕೋ ಟೀಚರ್ ಇಬ್ಬರ ಕಿವಿಯನ್ನೂ ಒಟ್ಟಿಗೆ ಹಿಂಡಿದರು.
ಒಲೆಗೆ ಕಟ್ಟಿಗೆ ತರುವ ಸರದಿ ನನ್ನದಿದ್ದಾಗ
ಮರೆತು ಬಂದ ನನಗಾಗಿ ಎರಡು ತುಂಡು ತರುತ್ತಿದ್ದ.
ಹತ್ತನೆಯದಕ್ಕೆ ಅವನು ಬರಲಿಲ್ಲ.
ಅವನಪ್ಪನ ಬೆನ್ನು ಮುರಿದಿತ್ತು, ಎಲ್ಲರಿಗೂ ಗೊತ್ತಿತ್ತು.
ಅವನ ಜಾಗದಲ್ಲಿ ನನ್ನ ಚೀಲ ಇಟ್ಟೆ.
ಸುಮ್ಮನೆ, ಕೈಗೆ ಹತ್ತಿರವಿರಲಿ ಎಂದು.
ಮೂರು ವರ್ಷ ಆ ಚೀಲ ಅಲ್ಲೇ ಕೂತಿತ್ತು,
ಪಾಠ ಕೇಳಿತು, ಪಾಸೂ ಆಯಿತು.

ಇವತ್ತು ಗಂಟೆ ಹೊಡೆದಾದ ಮೇಲೆ
ಹಾಡಿ, ಕಿರುಚಿ, ಗೇಟಿನಾಚೆ ಬಿದ್ದೆವು.
ಪಾಳಿ ಮುಗಿಸಿ ಬರುತ್ತಿದ್ದ, ತಲೆಯ ದೀಪ ಇನ್ನೂ ಹಣೆಯಲ್ಲಿ.
ರಾತಿ ಪೆನ್ನು ಚಾಚಿದ: ಬರೆಯೋ.
ತ್ಸೋತ್ನೆ ನಕ್ಕ: ಕಾಗುಣಿತ ಮರೆತುಹೋಗಿದೆ,
ಇವನ ಹತ್ತಿರ ನಕಲು ಮಾಡಬೇಕು.
ಎಲ್ಲರೂ ನಕ್ಕೆವು. ನಾನು ಎಲ್ಲರಿಗಿಂತ ಜೋರಾಗಿ.
ಬೆನ್ನು ತಟ್ಟಿ ಹೋದ.
ಚೆನ್ನಾಗಿರು ಎಂದನೋ, ಚೆನ್ನಾಗಿದ್ದೀಯ ಎಂದನೋ,
ಗದ್ದಲದಲ್ಲಿ ಕೇಳಿಸಲಿಲ್ಲ.

ರಾತ್ರಿ ಅಂಗಿ ಬಿಚ್ಚಿದಾಗ ಕಂಡದ್ದು:
ಹೆಗಲ ಎಲುಬುಗಳ ನಡುವೆ, ಎಲ್ಲರ ಅಕ್ಷರಗಳ ಮೇಲೆ,
ಐದು ಬೆರಳು. ಕಿರುಬೆರಳು ಅರ್ಧ.
ಅದು ಯಾವಾಗಿನಿಂದ ಅರ್ಧ, ನಾನು ಕೇಳಿಯೇ ಇರಲಿಲ್ಲ.

ಅಮ್ಮ ಅಂಗಿಯನ್ನು ದೀಪಕ್ಕೆ ಹಿಡಿದಳು.
ಎಲ್ಲರನ್ನೂ ಓದಿದಳು, ಕಳ್ಳಾ ಎಂಬಲ್ಲಿ ಹುಬ್ಬೇರಿಸಿದಳು.
ಕೊನೆಗೆ ಉಗುರಿನಿಂದ ಆ ಕಪ್ಪನ್ನು ಕೆರೆದು ನೋಡಿ:
ಶಾಯಿ ಒಂದು ಒಗೆತಕ್ಕೆ ಹೋಗುತ್ತೆ, ಇದು ಹೋಗಲ್ಲ.
ಇಪ್ಪತ್ತು ವರ್ಷ ನಿಮ್ಮಪ್ಪನ ಅಂಗಿ ಒಗೆದಿದೀನಿ.

ಒಗೆಯಲೋ ಬೇಡವೋ ಎಂದು ಕೇಳಲಿಲ್ಲ.
ಕುರ್ಚಿಗೆ ತೊಡಿಸಿ ಮಲಗಲು ಹೋದಳು,
ಅದರ ಬೆನ್ನು ನನ್ನ ಕಡೆಗೆ.