ಹಣಿ ಹಚ್ಚಿ ಕೇಳು

ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನೊಳಗ ಕಾಲಿಟ್ಟರ
ಮೊದಲು ಸೀನು, ಆಮ್ಯಾಲ ಮಾತು.
ಮೂರನೇ ಮಾಳಿಗಿಯ ಥಂಡಿಯೊಳಗ
ಗ್ವಾಡಿಗೆ ಗ್ವಾಡಿ ಕಟ್ಟಿದಂಗ ಮೆಣಸಿನಕಾಯಿ ಚೀಲ,
ಚೀಲದ ಬಾಯಿಗೆ ಸುತಳಿ ಹೊಲಿಗಿ,
ಹೊಲಿಗಿಯ ಬುಡಕ, ನಾವು ಅಂಟಿಸಿ ಕೊಟ್ಟದ್ದು,
ಹಳೇ ಎಂಟಾಣಿಯಷ್ಟ ಅಗಲದ ಟ್ಯಾಗು.

ಇದಕ್ಕ ಬ್ಯಾಟರಿ ಇಲ್ಲ, ಅಂದೆ.
ಹಂಗಾರ ಹೆಂಗ ಮಾತಾಡತೈತಿ?
ದಾವಲಸಾಬ. ಮೂವತ್ತೊಂದು ವರ್ಷದ ಹಮಾಲ.
ಹೆಗಲಮ್ಯಾಲ ಟಾವೆಲ್ಲು, ನಡದಾಗ ಕೊಕ್ಕಿ.
ಕೇಳಿದವರ ಹತ್ರನ ಕಡಾ ತೊಗೋತೈತಿ ಕಾಕಾ,
ಫೋನು ಎರಡು ಬೆರಳಿನಷ್ಟು ಹತ್ರ ಬಂದ್ರ ಜೀವ,
ಸರದ್ರ ಮತ್ತ ಬರೇ ಕಾಗದದ ಚೂರು.
ನಮ್ಮ ಮಾಮೂನೂ ಹಂಗ ಬಿಡು, ಅಂದ,
ಮಗ್ಗಲಕ ಯಾರರ ಕುಂತ್ರ ಅಷ್ಟ ಬಾಯಿ.

ಹುಬ್ಬಳ್ಳಿ ವಿದ್ಯಾನಗರದ ನಮ್ಮ ಖೋಲಿಯೊಳಗ
ಮೂರು ಮಂದಿ, ಎರಡು ಕುರ್ಚಿ, ಒಂದ ಕೋಡು.
ಒಂದ ಸಲ ಬರದ್ರ ಎರಡೂ ಥರದ ಫೋನಿನ್ಯಾಗ ಓಡತೈತಿ
ಅಂತ ಗಿರಾಕಿಗೆ ಹೇಳಿದಾಕಿ ನಾನ.
ಸುಳ್ಳಲ್ಲ. ಪೂರಾ ಖರೇನೂ ಅಲ್ಲ.
ಆಂಡ್ರಾಯ್ಡು ಮೊದಲ ದಿನಾನ ಒಲೀತು.
ಚಿಗರಿ ಬಸ್ಸಿನ ನನ್ನ ಕಾರ್ಡು ಬೆನ್ನಿಗೆ ತಾಗಿದ್ದ ತಡ
ಟುಣ್ ಅಂದು, ಏಳು ಜೋಡಿ ಅಕ್ಷರ ಕಾರಿ,
ಅರ್ಥ ನೀನ ಮಾಡ್ಕೋ ಅಂತ ಸುಮ್ಮನಾತು.
ಐಫೋನಿಂದು ದೊಡ್ಡ ಮನಿತನ.
ಯಾಕ ಓದಬೇಕು? ಕಾರಣ ಬರಿ, ಅಂತು.
ಬರೀಲಿಲ್ಲಂದ್ರ ಬೈಯೂದಿಲ್ಲ, ಬಡಿಯೂದಿಲ್ಲ,
ಆ್ಯಪು ನಿಂತಲ್ಲೇ ಕುಸೀತೈತಿ.
ರಾತ್ರಿ ಹನ್ನೊಂದಕ್ಕ, ನಿದ್ದಿಗಣ್ಣಾಗ,
ಒಂದು ಸಾಲು ಬರದು ಒಗದೆ: ಪರೀಕ್ಷೆಗಾಗಿ.

ಇಲ್ಲಿ ಈಗ ಹಾಲಪ್ಪ ಸಾವ್ಕಾರರ ಹೊಸಾ ಐಫೋನು.
ಚೀಲದ ಹೊಟ್ಟಿಗೆ ಅದನ್ನ ತಿಕ್ಕಿದರು,
ಕೂಸಿಗೆ ಎಣ್ಣಿ ಹಚ್ಚಿದಂಗ ತಿಕ್ಕಿದರು.
ಪರದೆಯ ತಳದಿಂದ ಬಿಳೀ ಹಾಳಿ ಏಳತೈತಿ,
ಓದಾಕ ತಯಾರ ಅಂತೈತಿ,
ಅರವತ್ತು ಸೆಕೆಂಡು ಕಾಯತೈತಿ, ಇಳೀತೈತಿ.
ನಾಕನೇ ಸಲಕ್ಕ ಸಾವ್ಕಾರರು ಫೋನು ಚೀಲದಮ್ಯಾಲ ಇಟ್ಟು
ನಿಮ್ಮ ಟ್ಯಾಗು ಡುಪ್ಲಿಕೇಟದಾವ ಅಂದರು.

ಲ್ಯಾಪ್‌ಟಾಪು ಮಣಕಾಲಮ್ಯಾಲ. ಬೆರಳು ಸೆಟೆದು ಕಡ್ಡಿ.
ಸಾಲು ಸಾಲು ಹುಡುಕೀನಿ, ಕೋಡಿನ್ಯಾಗ ತಪ್ಪಿಲ್ಲ.
ತಪ್ಪಿಲ್ಲದ ಕಡೆ ಹುಡುಕೂದು ಭಾಳ ಹೊತ್ತು ಹಿಡೀತೈತಿ.

ದಾವಲಸಾಬ ಎರಡೂ ಫೋನು ತೊಗೊಂಡ,
ಟಾವೆಲ್ಲಿಗೆ ಒರಸಿದ, ತಿರುವಿ ಮುರುವಿ ನೋಡಿದ,
ಸಂತ್ಯಾಗ ಕರಾ ನೋಡಿದಂಗ.
ಇದು ಎದಿ ಹಚ್ಚಿ ಕೇಳತೈತಿ, ಅಂದ.
ಇದರ ಜಾತ ಬ್ಯಾರೆ ಇರಬೇಕು, ಹಣಿ ಹಚ್ಚಿ ನೋಡೂಣು.
ಐಫೋನಿನ ನೆತ್ತಿ ಮೆಲ್ಲಕ ಹೊಲಿಗಿಗೆ ಬಾಗಿಸಿದ.

ಟುಣ್.

ಡಬ್ಬಿ ತಳಿ. ಲಾಟು ಇನ್ನೂರಾ ಹನ್ನೆರಡು.
ನೀಲವ್ವ ಕಮ್ಮಾರ, ಕದರಮಂಡಲಗಿ.

ಆಂಟೆನಾ ತಲೆಯ ಕಡೆ ಇರತೈತಿ ಅಂತ
ಬರದಿಟ್ಟಾರ, ನಾನೂ ಓದೀನಿ,
ಓದಿದ್ದು ಕೈಗೆ ಬಂದಿರಲಿಲ್ಲ.

ಸಾವ್ಕಾರರು ಹಿಗ್ಗಿ ಮುಂದಿನ ಸಾಲಿಗೆ ಹೋದರು,
ಟುಣ್, ಟುಣ್, ಚೀಲಕ್ಕೊಂದು ದೀಡ ನಮಸ್ಕಾರ.
ದಾವಲಸಾಬನ ಅಂಗೈ ಇನ್ನೂ ಅದ ಚೀಲದಮ್ಯಾಲ.
ನೀಲವ್ವಂದು ಅಂತ ನನಗ ಗೊತ್ತಿತ್ತು, ಅಂದ,
ಎಡಗೈಲೆ ಹೊಲೀತಾಳಕಿ, ಟಾಕಿ ಉಲ್ಟಾ ವಾಲತಾವ, ನೋಡು.
ನೋಡಿದೆ. ವಾಲಿದ್ದವು.
ಮೊದಲ ಯಾಕ ಹೇಳಲಿಲ್ಲ ಕಾಕಾ?
ನನ್ನ ಯಾರ ಕೇಳಿದ್ರು ಯವ್ವಾ,
ಅಂದು ಕೊಕ್ಕಿ ಎತ್ತಿಕೊಂಡು ಇನ್ನೊಂದು ಚೀಲಕ್ಕ ಹಾಕಿದ.

ಹುಬ್ಬಳ್ಳಿಗೆ ಪ್ಯಾಸೆಂಜರ್ ಗಾಡಿ. ಕಿಡಕಿ ಮಗ್ಗಲ ಸೀಟು.
ಕೀಬೋರ್ಡಿನ ಸಂದಿಗೆ ಕೆಂಪು ಧೂಳು ಕುಂತೈತಿ,
ಸ್ಪೇಸು ಒತ್ತಿದರ ಮ್ಯಾಲಕ್ಕ ಏಳವಲ್ದು.
ಪರೀಕ್ಷೆಗಾಗಿ ಅನ್ನೂದನ್ನ ಅಳಿಸಿದೆ.
ಸವಣೂರ ದಾಟೂತನಾ ಅಲ್ಲಿ ಏನೂ ಇರಲಿಲ್ಲ,
ಕರ್ಸರು ಒಂದ ಮಿಣುಕುತಿತ್ತು.
ಆಮ್ಯಾಲ ಬರದೆ:
ಈ ಚೀಲ ಯಾರದು ಅಂತ ಹತ್ರ ಹೋಗಿ ಕೇಳಾಕ.

ಸೇವ್ ಮಾಡಿ, ಕಣ್ಣು ಉಜ್ಜಿಕೊಂಡೆ.
ಅದೊಂದು ತಪ್ಪಾತು.
ಗುಂಜಾಳ ಬರೂತನಾ ಧಾರಾಕಾರ ನೀರು,
ಎದುರಿನ ಸೀಟಿನಾಕಿ ಏನಾತಬೇ ಅಂತ ಕೇಳಿದಳು,
ಮೆಣಸಿನಕಾಯಿ ಅಂದೆ, ನಂಬಲಿಲ್ಲ.