ಫೋಟೋದ ಮೂಲೆಯಲ್ಲಿ ಬೂಟು

ಬೆಳಗಿನ ಆರಕ್ಕೆ ಡಿಪೋ. ಹಂಬರ್ ನದಿಯ ಮಂಜು
ಶಟರಿನ ಕೆಳಗೆ ನುಸುಳಿ ಒಳಗೇ ನಿಂತಿರುತ್ತದೆ,
ತನ್ನ ಹೆಸರನ್ನೂ ಯಾರಾದರೂ ಕೂಗಲಿ ಎಂದು.
ಡ್ಯಾರನ್ ಕೂಗುತ್ತಾನೆ: ರಿಮಾಸ್, ನಿನಗೆ ನೂರ ನಲವತ್ತೆರಡು.
ನಾನು ಲಿಥುವೇನಿಯನ್ನಿನಲ್ಲೇ ಎಣಿಸುತ್ತೇನೆ.
ಇಂಗ್ಲಿಷಿನಲ್ಲಿ ಎಣಿಸಿದರೆ ಅಷ್ಟೇ ಇದ್ದರೂ ಹೆಚ್ಚೆನಿಸುತ್ತದೆ.

ವ್ಯಾನಿಗೆ ತುಂಬುವುದು ತಿರುವುಮುರುವು:
ಕೊನೆಯ ಮನೆ ಮೊದಲು, ಮೊದಲ ಮನೆ ಕೊನೆಗೆ.
ಸಂಜೆಯನ್ನು ಬೆಳಿಗ್ಗೆಯೇ ಒಳಕ್ಕೆ ತಳ್ಳಿ
ಅದರ ಮೇಲೆ ಮಧ್ಯಾಹ್ನವನ್ನು ಪೇರಿಸಿ
ಕದ ಮುಚ್ಚುತ್ತೇನೆ, ಮೊಣಕಾಲಿನಿಂದ.

ಹದಿನೈದು ಕಿಲೋ ನಾಯಿಯ ಊಟ. ಮಡಚುವ ಏಣಿ.
ಮೂಗಿಗಿಂತ ಮೂಗುತಿ ಭಾರ,
ಆಳು ಕೂರುವಷ್ಟು ಡಬ್ಬಿಯಲ್ಲಿ ಒಂದೇ ಒಂದು ಲಿಪ್‌ಸ್ಟಿಕ್.
ಎಲ್ಲಕ್ಕೂ ಕೂಲಿ ಒಂದೇ, ಬಾಗಿಲಿಗೆ ಇಷ್ಟು.
ಬಾಗಿಲು ತೆರೆಯದಿದ್ದರೆ ಅಷ್ಟೂ ಇಲ್ಲ.

ಈ ಹಲ್ ಪಟ್ಟಣದಲ್ಲಿ ಮನೆಗಳ ಬೆನ್ನ ಹಿಂದೆ ಓಣಿ,
ಟೆನ್‌ಫೂಟ್ ಅನ್ನುತ್ತಾರೆ, ಅಗಲ ಹತ್ತಡಿ.
ನನ್ನ ವ್ಯಾನು ಆರೂವರೆ. ಲೆಕ್ಕದ ಪ್ರಕಾರ ಹಿಡಿಸಬೇಕು.
ಕಸದ ತೊಟ್ಟಿಗಳು ಲೆಕ್ಕ ಕಲಿತಿಲ್ಲ.
ಪಕ್ಕದ ಕನ್ನಡಿಗೆ ಎಂಬತ್ತು ಪೌಂಡು, ನನ್ನ ಜೇಬಿನಿಂದ.

ಬೆಲ್ ಒತ್ತಿ ಹದಿನೈದು ಸೆಕೆಂಡು.
ಅಷ್ಟರಲ್ಲಿ ಎಷ್ಟೆಲ್ಲ ಕೇಳಿಸುತ್ತದೆ:
ಮೆಟ್ಟಿಲಿಳಿಯುವ ಊರುಗೋಲು, ಅರ್ಧಕ್ಕೆ ನಿಂತ ಜಗಳ,
ಕದದ ಆಚೆ ಉಸಿರು ಬಿಗಿಹಿಡಿದು ನಿಂತ ಯಾರೋ.
ಕಾಗದದ ಕಿಂಡಿಗೆ ಬಾಯಿಟ್ಟು ಪಿಸುಗುಟ್ಟುತ್ತೇನೆ:
ಸಾಲ ಕೇಳಲು ಬಂದವನಲ್ಲ, ಪಾರ್ಸೆಲ್ಲು.

ಹದಿನಾಲ್ಕನೇ ಮನೆಯ ಬೆರಿಲ್ ಸ್ಟಾದರ್ಡ್
ಇಡೀ ಬೀದಿಗೆ ಒಬ್ಬಳೇ ಸಹಿ.
ಅವಳ ಹಜಾರದಲ್ಲಿ ಎದುರುಮನೆಯ ಪರದೆ,
ಇನ್ನೂ ಹುಟ್ಟದ ಯಾರದೋ ಮಗುವಿನ ತೊಟ್ಟಿಲು.
ಏಡಿಯ ಹಾಗೆ ಅಡ್ಡಡ್ಡ ನಡೆದು ಬರುತ್ತಾಳೆ.
"ನನ್ನದೇನೂ ಇಲ್ಲ ತಾನೆ ಇವತ್ತೂ?
ಒಳ್ಳೇದಾಯಿತು ಬಿಡು, ಜಾಗವೆಲ್ಲಿದೆ."

ಆಮೇಲೆ ಫೋಟೋ. ಕೊಟ್ಟದ್ದಕ್ಕೆ ಸಾಕ್ಷಿ.
ನಾಲ್ಕು ವರ್ಷಕ್ಕೆ ಲಕ್ಷ ದಾಟಿರಬೇಕು ಬಾಗಿಲುಗಳು.
ನೀಲಿ, ಹಸಿರು, ಒದೆಸಿಕೊಂಡು ತಗ್ಗಾದವು,
ಡಿಸೆಂಬರಿನ ಹಾರವನ್ನು ಜೂನ್ ತನಕ ತೊಟ್ಟಿದ್ದೊಂದು.
ಎಲ್ಲದರ ಕೆಳಮೂಲೆಯಲ್ಲೂ ನನ್ನ ಎಡಬೂಟಿನ ಮೂತಿ.
ನಾನು ಇಲ್ಲಿ ಬದುಕಿದ್ದೆ ಎನ್ನಲು
ಕಂಪೆನಿಯ ಬಳಿ ಇರುವುದು ಇಷ್ಟೇ.

ನವೆಂಬರಿನಿಂದ ಅದರ ಹೊಲಿಗೆ ಬಿಟ್ಟಿದೆ.
ಫೋಟೋಗಳನ್ನು ಯಾರಾದರೂ ಸಾಲಾಗಿ ಜೋಡಿಸಿದರೆ
ಬೂಟು ನಿಧಾನ ಬಾಯಿ ತೆರೆಯುವುದು ಕಂಡೀತು,
ಏನೋ ಹೇಳಬೇಕೆಂದು.

ಮಂಗಳವಾರ, ತೊಂಬತ್ತೇಳನೆಯ ಡಬ್ಬಿ.
ವಿಳಾಸ ಓದಿದೆ. ಮತ್ತೊಮ್ಮೆ ಓದಿದೆ.
ನನ್ನದೇ ಮನೆ. ಅಳತೆ ನಲವತ್ತಮೂರು, ಕಪ್ಪು, ಹೊಸ ಬೂಟು.
ಜುರ್ಗಾ ತರಿಸಿದ್ದಾಳೆ, ನನಗೆ ಹೇಳದೆ.

ಪಡೆಯುವವರ ಸಹಿ ಬೇಕು, ಅಂದಿತು ಸ್ಕ್ಯಾನರು.
ಚಾಲಕ ತಾನೇ ಸಹಿ ಹಾಕಿದರೆ ಕೆಲಸ ಹೋಗುತ್ತದೆ,
ಹೋದ ತಿಂಗಳು ಹೋದವನ ಕೊಕ್ಕೆ
ಡಿಪೋದ ಗೋಡೆಯಲ್ಲಿ ಇನ್ನೂ ಖಾಲಿ.
ನನ್ನ ಮನೆಯ ಬೆಲ್ ಒತ್ತಿದೆ.
ಅದರ ಸದ್ದು ಹೊರಗಿನಿಂದ ಕೇಳಿದ್ದು ಅದೇ ಮೊದಲು,
ಇಷ್ಟು ತೆಳ್ಳಗಿದೆ ಎಂದು ಗೊತ್ತಿರಲಿಲ್ಲ.
ಒಳಗೆ ಫ್ರಿಜ್ಜು ಗುನುಗುತ್ತಿತ್ತು.
ಮೀನು ಕಾರ್ಖಾನೆಯ ಪಾಳಿ ಮುಗಿಯುವುದು ಎರಡಕ್ಕೆ.
ಬೀಗದ ಕೈ ನನ್ನ ಜೇಬಿನಲ್ಲಿತ್ತು, ತೊಡೆಗೆ ಚುಚ್ಚುತ್ತ.

ಚೀಟಿ ಬರೆದೆ: ಕ್ಷಮಿಸಿ, ನೀವು ಇರಲಿಲ್ಲ. ಒಂದು ನಲವತ್ತೆಂಟು.
ಕಿಂಡಿಗೆ ತುರುಕಿ, ಡಬ್ಬಿಯನ್ನು ವ್ಯಾನಿಗೆ ಮರಳಿಸಿ,
ತೊಂಬತ್ತೆಂಟನೆಯ ಮನೆಗೆ ಹೊರಟೆ.

ರಾತ್ರಿ ಜುರ್ಗಾ ಚೀಟಿಯನ್ನು ಮೇಜಿಗೆ ಬಡಿದಳು:
"ಯಾವನೋ ಸೋಮಾರಿ! ಅಕ್ಷರ ನೋಡು, ಕೋಳಿ ಕೆದರಿದ ಹಾಗಿದೆ.
ಸ್ವಲ್ಪ ಕಾದಿದ್ದರೆ ಅವನ ಗಂಟೇನು ಹೋಗುತ್ತಿತ್ತು?"
ನಾನು ಬಗ್ಗಿ ಬೂಟಿನ ದಾರ ಬಿಚ್ಚುತ್ತಿದ್ದೆ.
ಕಾದಿದ್ದ, ಅಂದೆ.
ಹದಿನೈದು ಸೆಕೆಂಡು. ಪೂರ್ತಿ.